ಪಿಕಪ್ ಗಾಡಿಯ ಟೈಮಿಂಗ್ ಚೈನು: ಸಪ್ಪಳ ಬಂದಾಗಲೇ ಬದಲಿಸಿರಿ

ಕಬ್ಬಿನ ಹಂಗಾಮು ಸುರುವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ರಸ್ತೆಗಳಲ್ಲಿ ಗಾಡಿಯ ಹಿಂದೆ ಗಾಡಿ ಹತ್ತಿಕೊಂಡಿರುತ್ತವೆ. ಕಾರಖಾನೆಗೆ ಕಬ್ಬು ಒಯ್ಯುವುದು ಟ್ರ್ಯಾಕ್ಟರು-ಲಾರಿಗಳ ಕೆಲಸವೇ ಸರಿ. ಆದರೆ ಉಳಿದ ನೂರೆಂಟು ಕೆಲಸಗಳಿಗೆ ಈಗ ಪಿಕಪ್ ಗಾಡಿಯೇ ಬೇಕು. ಮಹಾಲಿಂಗಪುರದ ಪೇಟೆಗೆ ಬೆಲ್ಲ ಹೋಗಬೇಕು, ಬನಹಟ್ಟಿಯಿಂದ ಸೀರೆಯ ಗಂಟು ಬರಬೇಕು, ಸುಟ್ಟ ಪಂಪಿನ ಮೋಟಾರು ರಿವೈಂಡಿಂಗಿಗೆ ಹೋಗಬೇಕು, ನಸುಕಿನಲ್ಲಿ ಕಾಯಿಪಲ್ಲೆ ಸಂತೆ ಮುಟ್ಟಬೇಕು. ೨೦೦೫ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲಂತೂ ಸಣ್ಣ ಸರಕು ಗಾಡಿಗಳು ಹಳ್ಳಿ ಹಳ್ಳಿಯ ಓಣಿಯನ್ನೂ ಹೊಕ್ಕವು. ಹಿಂದೆ ಎತ್ತು ಕುಂಟಿದರೆ ಮನೆಯಲ್ಲಿ ಯಾವ ಚಿಂತೆ ಹುಟ್ಟುತ್ತಿತ್ತೋ ಇಂದು ಪಿಕಪ್ ಕೆಟ್ಟು ನಿಂತರೂ ಅದೇ ಚಿಂತೆ.

ಗಾಡಿ ಕೆಡುವುದಕ್ಕೆ ಕಾರಣಗಳು ಅನೇಕ. ಡೈನಮೋ ಕೆಟ್ಟರೆ ಡೈನಮೋ ಒಂದೇ ಹೋಗುತ್ತದೆ, ಪಂಪು ಸೋರಿದರೆ ಪಂಪು ಬದಲಿಸಿದರೆ ತೀರಿತು. ಟೈಮಿಂಗ್ ಚೈನಿನ ಮಾತು ಹಾಗಲ್ಲ. ಅದು ಓಡುವಾಗ ಹರಿದರೆ, ಇಲ್ಲವೇ ಹಲ್ಲು ಬಿಟ್ಟು ಜಾರಿದರೆ, ತೆರೆದು ನಿಂತ ವಾಲ್ವಿಗೆ ಮೇಲೆ ಬರುವ ಪಿಸ್ಟನ್ ಬಡಿಯುತ್ತದೆ. ವಾಲ್ವು ಬಾಗುತ್ತದೆ, ಪಿಸ್ಟನ್ನಿನ ತಲೆ ಒಡೆಯುವುದೂ ಉಂಟು. ಚೈನಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಇಡೀ ಎಂಜಿನ್ ಬಿಚ್ಚುವ ಖರ್ಚಾಗುತ್ತದೆ. ಪುಣ್ಯಕ್ಕೆ ಈ ಚೈನು ಹೇಳದೆ ಕೇಳದೆ ಹರಿಯುವುದು ಅಪರೂಪ. ಬಹಳ ಮೊದಲಿನಿಂದಲೇ ಸಪ್ಪಳ ಮಾಡಿ ತಿಳಿಸುತ್ತದೆ. ಆ ಸಪ್ಪಳ ಗುರುತಿಸುವುದು, ಕೈ ಕೆಲಸ ಬಲ್ಲವರು ಮನೆಯ ಅಂಗಳದಲ್ಲಿಯೇ ಚೈನು ಬದಲಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮಗ್ಗ ಬಲ್ಲವರಿಗೆ ಹೊಸದಲ್ಲ

ಟೈಮಿಂಗ್ ಎಂದರೇನು ಎಂಬುದನ್ನು ರಬಕವಿ-ಬನಹಟ್ಟಿಯವರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ವಿದ್ಯುತ್ ಮಗ್ಗದ ಮಗ್ಗುಲಿಗೆ ನಿಂತು ನೋಡಿರಿ. ಮೇಲಿನ ಕ್ರಾಂಕ್ ಶಾಫ್ಟು ಎರಡು ಸುತ್ತು ತಿರುಗುವಷ್ಟರಲ್ಲಿ ಕೆಳಗಿನ ಬಾಟಮ್ ಶಾಫ್ಟು ಒಂದೇ ಸುತ್ತು ತಿರುಗುತ್ತದೆ. ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಮಾಡಿ ಬಾಯಿ ತೆರೆಸುವುದು, ಲಾಳಿಗೆ ಏಟು ಕೊಡುವುದು ಈ ಕೆಳಗಿನ ಶಾಫ್ಟಿನ ಕೆಲಸ. ಎಳೆಗಳ ಬಾಯಿ ತೆರೆದಾಗಲೇ ಲಾಳಿ ಹಾಯಬೇಕು. ಹಲ್ಲುಗಾಲಿ ಒಂದು ಹಲ್ಲು ತಪ್ಪಿ ಕೂತರೆ ಲಾಳಿ ಅರ್ಧ ದಾರಿಯಲ್ಲಿರುವಾಗಲೇ ಬಾಯಿ ಮುಚ್ಚಿ, ಲಾಳಿ ಸಿಕ್ಕಿಬಿದ್ದು, ಎಳೆಗಳು ರಾಶಿಯಾಗಿ ಹರಿಯುತ್ತವೆ.

ಗಾಡಿಯ ಎಂಜಿನ್ನಿನ ಲೆಕ್ಕವೂ ಅದೇ. ಪಿಸ್ಟನ್ನುಗಳು ತಿರುಗಿಸುವ ಕ್ರಾಂಕ್ ಶಾಫ್ಟು ಎರಡು ಸುತ್ತು, ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟು ಒಂದು ಸುತ್ತು. ಇವೆರಡನ್ನೂ ಕಟ್ಟಿ ಹಿಡಿದದ್ದೇ ಟೈಮಿಂಗ್ ಚೈನು. ಕ್ರಾಂಕಿನ ಹಲ್ಲುಗಾಲಿಗೆ ೨೦ ಹಲ್ಲು ಇದ್ದರೆ ಕ್ಯಾಮಿನದಕ್ಕೆ ೪೦ ಇರುತ್ತವೆ. ಚೈನು ಒಂದೇ ಒಂದು ಹಲ್ಲು ಜಾರಿದರೂ ಕ್ರಾಂಕಿನ ಲೆಕ್ಕದಲ್ಲಿ ೧೮ ಅಂಶ ತಪ್ಪಿದಂತಾಯಿತು. ಎಂಜಿನ್ ನಿಮಿಷಕ್ಕೆ ೩,೦೦೦ ಸುತ್ತು ಓಡುತ್ತಿದ್ದರೆ ಪ್ರತಿಯೊಂದು ವಾಲ್ವು ಸೆಕೆಂಡಿಗೆ ೨೫ ಸಲ ತೆರೆದು ಮುಚ್ಚುತ್ತದೆ. ಆ ವೇಗದಲ್ಲಿ ತಪ್ಪಿದ ಲೆಕ್ಕ ಎಂಥ ಹಾನಿ ಮಾಡೀತೆಂಬುದನ್ನು ಊಹಿಸಬಹುದು.

ಚೈನು ‘ಉದ್ದವಾಯಿತು’ ಎನ್ನುವುದು ರೂಢಿ. ಕಬ್ಬಿಣ ರಬ್ಬರಿನಂತೆ ಜಗ್ಗುವುದಿಲ್ಲ. ಕೊಂಡಿ ಕೊಂಡಿಯ ನಡುವಿನ ಪಿನ್ನು ಮತ್ತು ಅದರ ಸುತ್ತಲಿನ ಬುಶ್ ಸವೆಯುತ್ತವೆ, ಅಷ್ಟೆ. ಸೈಕಲ್ಲಿನ ಚೈನು ನೋಡಿದವರಿಗೆ ಇದು ಗೊತ್ತು. ಈ ಬುಶ್-ರೋಲರ್ ಚೈನನ್ನು ೧೮೮೦ರಲ್ಲಿ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನಾಲ್ಡ್ ಎಂಬಾತ ರೂಪಿಸಿದ. ಸೈಕಲ್ಲಿನದೂ ಎಂಜಿನ್ನಿನದೂ ಒಂದೇ ವಂಶ. ನೂರು ಕೊಂಡಿಯ ಚೈನಿನಲ್ಲಿ ಒಂದೊಂದು ಕೀಲೂ ಕೂದಲೆಳೆಯಷ್ಟು, ಅಂದರೆ ೦.೦೫ ಮಿಲಿಮೀಟರ್ ಸವೆದರೆ ಒಟ್ಟು ಚೈನು ೫ ಮಿಲಿಮೀಟರ್ ಉದ್ದವಾಗುತ್ತದೆ. ಆಗ ಕ್ಯಾಮ್ ಶಾಫ್ಟು ಸ್ವಲ್ಪ ಹಿಂದೆ ಬೀಳುತ್ತದೆ, ವಾಲ್ವು ತಡವಾಗಿ ತೆರೆಯುತ್ತದೆ, ಗಾಡಿಯ ಜಗ್ಗುವ ಶಕ್ತಿ ಕಡಿಮೆಯಾಗುತ್ತದೆ. ಏರಿನಲ್ಲಿ ಮೊದಲು ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಎರಡನೆಯದಕ್ಕೆ ಇಳಿಯುತ್ತದೆ. ಡೀಸೆಲ್ ಕಲಬೆರಕೆಯೆಂದು ಪಂಪಿನವನನ್ನು ಬೈಯುವವರೇ ಹೆಚ್ಚು, ಚೈನಿನ ಕಡೆಗೆ ಲಕ್ಷ್ಯ ಹೋಗುವುದಿಲ್ಲ.

ನಿಮ್ಮ ಗಾಡಿಗೆ ಚೈನು ಇದೆಯೇ?

ಎಲ್ಲ ಎಂಜಿನ್ನಿಗೂ ಚೈನು ಇರುವುದಿಲ್ಲ. ಕೆಲವಕ್ಕೆ ರಬ್ಬರಿನ ಹಲ್ಲು ಪಟ್ಟಿ ಇರುತ್ತದೆ, ಕೆಲವಕ್ಕೆ ಹಲ್ಲುಗಾಲಿಗೆ ಹಲ್ಲುಗಾಲಿಯೇ ಹಚ್ಚಿರುತ್ತದೆ. ನಮ್ಮ ಹಿರಿಯರು ಬಾಡಿಗೆಗೆ ಹತ್ತಿ ತಿರುಗಿದ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಗಾಡಿಗಳಿಗೆ ಚೈನು ಇತ್ತು. ಮಹೀಂದ್ರಾ ಜೀಪಿನ ಹಳೆಯ ಹರಿಕೇನ್ ಪೆಟ್ರೋಲ್ ಎಂಜಿನ್ನಿಗೆ ಹಲ್ಲುಗಾಲಿಗಳಿದ್ದವು. ಈಗಿನ ಮಾರುತಿಯ ಕೆ-ಸರಣಿಯ ಎಂಜಿನ್ನುಗಳಿಗೆ ಚೈನು ಇದೆ.

ಗುರುತಿಸುವುದು ಕಷ್ಟವಲ್ಲ. ಎಂಜಿನ್ನಿನ ಮುಂಭಾಗದ ಮುಚ್ಚಳ ಹಗುರವಾದ ಪ್ಲ್ಯಾಸ್ಟಿಕ್ಕಿನದಾಗಿದ್ದು ಒಳಗೆ ಒಣಗಿದ್ದರೆ ಸಾಮಾನ್ಯವಾಗಿ ಅದು ರಬ್ಬರ್ ಪಟ್ಟಿ. ಲೋಹದ ಮುಚ್ಚಳವನ್ನು ಸುತ್ತಲೂ ಬೋಲ್ಟ್ ಹಾಕಿ, ಎಣ್ಣೆ ಸೋರದಂತೆ ಬಿಗಿದಿದ್ದರೆ ಒಳಗೆ ಚೈನು ಇಲ್ಲವೆ ಹಲ್ಲುಗಾಲಿ ಎಣ್ಣೆಯಲ್ಲಿ ತೊಯ್ದು ಓಡುತ್ತಿರುತ್ತದೆ. ಸಂಶಯವಿದ್ದರೆ ಗಾಡಿಯ ಸಂಗಡ ಬಂದ ಕೈಪಿಡಿ ತೆಗೆದು ನೋಡತಕ್ಕದ್ದು. ಪಟ್ಟಿಯಾದರೆ ಇಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಕೈಪಿಡಿಯಲ್ಲಿಯೇ ಬರೆದಿರುತ್ತದೆ. ಚೈನಿಗೆ ಬಹುಮಟ್ಟಿಗೆ ಅಂಥ ಅವಧಿ ಬರೆದಿರುವುದಿಲ್ಲ. ಅದಕ್ಕೇ ಜನ ಅದನ್ನು ಮರೆತುಬಿಡುತ್ತಾರೆ.

ಸಪ್ಪಳದ ಪರೀಕ್ಷೆ

ರಾತ್ರಿಯಿಡೀ ನಿಂತ ಗಾಡಿಯನ್ನು ಮುಂಜಾನೆ ಮೊದಲ ಸಲ ಚಾಲೂ ಮಾಡುವಾಗ ಬಾನೆಟ್ಟು ತೆರೆದಿಟ್ಟು ಒಬ್ಬರು ಮುಂದೆ ನಿಂತು ಕೇಳಿರಿ. ಡಬ್ಬಿಯಲ್ಲಿ ಮೊಳೆ ಹಾಕಿ ಅಲುಗಾಡಿಸಿದಂಥ ಗಲಗಲ ಸಪ್ಪಳ ಎಂಜಿನ್ನಿನ ಮುಂಭಾಗದಿಂದ ಬಂದು, ಎಣ್ಣೆಯ ಒತ್ತಡ ಏರಿದ ಮೇಲೆ ಕೆಲವು ಸೆಕೆಂಡಿಗೆ ನಿಂತರೆ ಚೈನು ಸಡಿಲಾಗುತ್ತ ಬಂದಿದೆ ಎಂದು ತಿಳಿಯಬೇಕು. ಚೈನನ್ನು ಬಿಗಿ ಹಿಡಿಯುವ ಟೆನ್ಶನರ್ ಅನೇಕ ಎಂಜಿನ್ನುಗಳಲ್ಲಿ ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಎಣ್ಣೆ ಏರುವವರೆಗೆ ಚೈನು ಜೋತು ಮುಚ್ಚಳಕ್ಕೂ ಗೈಡಿಗೂ ಬಡಿಯುತ್ತದೆ. ಎಂಜಿನ್ ಕಾದ ಮೇಲೂ ಸಪ್ಪಳ ನಿಲ್ಲದಿದ್ದರೆ ಇನ್ನು ತಡಮಾಡಲಾಗದು, ಆ ಗಾಡಿಯ ಮೇಲೆ ಹೇರು ಹಾಕಕೂಡದು.

ಫ್ಯಾನ್ ಬೆಲ್ಟಿನ ಕಿರ್‍ರೆನ್ನುವ ದನಿ ಬೇರೆ, ವಾಲ್ವಿನ ಟಕಟಕ ಬೇರೆ. ಗೊಂದಲವಾದರೆ ಉದ್ದನ್ನ ಸ್ಕ್ರೂಡ್ರೈವರಿನ ತುದಿಯನ್ನು ಮುಂದಿನ ಮುಚ್ಚಳಕ್ಕೆ ಒತ್ತಿ, ಹಿಡಿಕೆಗೆ ಕಿವಿ ಹಚ್ಚಿದರೆ ದನಿ ಎಲ್ಲಿಂದ ಬರುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ಹೀಗೆ ಮಾಡುವಾಗ ಕೊರಳಿನ ಟವೆಲ್ಲು, ತಲೆಯ ರುಮಾಲು, ಧೋತರದ ಚುಂಗು ಇವುಗಳನ್ನು ತೆಗೆದು ದೂರವಿಡಬೇಕು. ತಿರುಗುವ ಫ್ಯಾನಿಗೆ ಬಟ್ಟೆಯ ತುದಿ ಸಿಕ್ಕರೆ ಸಾಕು, ಮನುಷ್ಯನನ್ನೇ ಎಳೆದುಕೊಳ್ಳುತ್ತದೆ.

ಎಣ್ಣೆ ಬದಲಿಸುವಾಗ ಹಳೆಯ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡುವುದೂ ಒಳ್ಳೆಯ ರೂಢಿ. ಹೊಳೆಯುವ ಕಬ್ಬಿಣದ ಪುಡಿ ಅಥವಾ ಕರಿ ಪ್ಲ್ಯಾಸ್ಟಿಕ್ಕಿನ ಚೂರು ಕಂಡರೆ ಗೈಡು ಸವೆದು ಮುರಿಯುತ್ತಿದೆ ಎಂದರ್ಥ.

ಯಾವಾಗ ಮಾಡಬೇಕು, ಯಾರು ಮಾಡಬಾರದು

ಮಳೆಗಾಲವೇ ಇದಕ್ಕೆ ತಕ್ಕ ಕಾಲ. ಶ್ರಾವಣದ ಹೊತ್ತಿಗೆ ಕೆಲಸ ಮುಗಿಸಿದರೆ ಕಾರಖಾನೆಗಳ ಕಬ್ಬು ನುರಿಸುವಿಕೆ ಸುರುವಾಗುವಷ್ಟರಲ್ಲಿ ಗಾಡಿ ಸಿದ್ಧವಾಗಿರುತ್ತದೆ. ಹೊಸಬರಿಗೆ ಎರಡು ದಿನ ಬೇಕು. ಒಂದೇ ದಿನದಲ್ಲಿ ಮುಗಿಸುವ ಹಟಕ್ಕೆ ಬೀಳಬೇಡಿರಿ. ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಗುರುತು ಹೊಂದಿಸಲು ಹೋದರೆ ಕೆಲಸ ಕೆಡುತ್ತದೆ.

ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಧೈರ್ಯ ಈ ಭಾಗಕ್ಕೆ ಹೊಸದೇನಲ್ಲ. ೧೯೮೯ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರು ತಮ್ಮ ಹಣ, ತಮ್ಮ ದುಡಿಮೆ ಹಾಕಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜನ್ನೇ ಕಟ್ಟಿದರು. ಹಾಗೆಂದು ಎಲ್ಲ ಎಂಜಿನ್ನಿಗೂ ಅಂಗಳದಲ್ಲಿ ಕೈ ಹಚ್ಚುವುದು ಜಾಣತನವಲ್ಲ. ಚೈನು ಎಂಜಿನ್ನಿನ ಹಿಂಬದಿ, ಗೇರ್ ಬಾಕ್ಸಿನ ಕಡೆಗೆ ಇದ್ದರೆ ಎಂಜಿನ್ನನ್ನೋ ಗೇರ್ ಬಾಕ್ಸನ್ನೋ ಇಳಿಸಬೇಕಾಗುತ್ತದೆ. ಕೆಲವು ಹೊಸ ಎಂಜಿನ್ನುಗಳಲ್ಲಿ ಹಲ್ಲುಗಾಲಿಗೆ ಕೀಲಿಯೇ ಇರುವುದಿಲ್ಲ, ಬರೇ ಬೋಲ್ಟಿನ ಬಿಗಿತದಿಂದ ನಿಂತಿರುತ್ತದೆ. ಅಂಥವಕ್ಕೆ ಶಾಫ್ಟುಗಳನ್ನು ಹಿಡಿದಿಡುವ ವಿಶೇಷ ಸಾಧನಗಳಿಲ್ಲದೆ ಮುಟ್ಟಕೂಡದು. ಕಾಮನ್ ರೇಲ್ ಡೀಸೆಲ್ ಗಾಡಿಯ ಇಂಧನದ ಸಣ್ಣ ಉಕ್ಕಿನ ನಳಿಗಳನ್ನೂ ಸಡಿಲಿಸಬೇಡಿರಿ. ಓಡುವಾಗ ಅದರಲ್ಲಿ ಸಾವಿರ ಬಾರಿಗಿಂತ ಹೆಚ್ಚು ಒತ್ತಡವಿರುತ್ತದೆ, ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಸಾವಿರ ಪಟ್ಟು. ಸಣ್ಣ ಬಿರುಕಿನಿಂದ ಚಿಮ್ಮಿದ ಡೀಸೆಲ್ಲು ಚರ್ಮ ತೂರಿ ಒಳಗೆ ಹೋಗುತ್ತದೆ. ಇಂಥ ಗಾಡಿಗಳನ್ನು ಬಲ್ಲ ಮಿಸ್ತ್ರಿಯ ಕೈಗೆ ಒಪ್ಪಿಸುವುದೇ ಸರಿ. ಮುಂಭಾಗದಲ್ಲಿ ಚೈನು ಇದ್ದು, ಎದುರಿಗೆ ಕೈ ಆಡಿಸಲು ಜಾಗವಿರುವ ಎಂಜಿನ್ನುಗಳನ್ನು ಕುರಿತು ಮುಂದಿನ ಮಾತುಗಳು.

ಬಿಚ್ಚುವ ಕ್ರಮ

ಚೈನು ಒಂದನ್ನೇ ತರಬೇಡಿರಿ. ಚೈನು, ಎರಡೂ ಹಲ್ಲುಗಾಲಿ, ಟೆನ್ಶನರ್, ಗೈಡುಗಳು, ಕ್ರಾಂಕಿನ ಮುಂದಿನ ಆಯಿಲ್ ಸೀಲು, ಮುಚ್ಚಳದ ಪ್ಯಾಕಿಂಗು ಇಷ್ಟೂ ಒಂದೇ ಸಲ ಬರಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಹೊಸದೂ ಬೇಗನೆ ಹಾಳಾಗುತ್ತದೆ. ಗಾಡಿಯ ಚಾಸಿ ನಂಬರು ತೋರಿಸಿ ಸಾಮಾನು ಕೊಳ್ಳುವುದು ಕ್ಷೇಮ, ಏಕೆಂದರೆ ಒಂದೇ ಹೆಸರಿನ ಗಾಡಿಗೆ ವರ್ಷ ವರ್ಷಕ್ಕೆ ಎಂಜಿನ್ ಬದಲಾಗಿರುತ್ತದೆ. ಹೆಸರಿಲ್ಲದ ಡಬ್ಬಿಯ ಅಗ್ಗದ ಚೈನಿಗೆ ಆಸೆಪಡಬಾರದು. ಇನ್ನೊಮ್ಮೆ ಬಿಚ್ಚುವ ದುಡಿಮೆಯ ಬೆಲೆ ಅದಕ್ಕಿಂತ ಹೆಚ್ಚು.

ಗಾಡಿಯನ್ನು ಸಪಾಟು ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಜಗ್ಗಿ, ಗಾಲಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲಿನಲ್ಲಿಡಿರಿ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ಋಣ ತಂತಿಯನ್ನು ಮೊದಲು ಕಳಚಬೇಕು. ಆಮೇಲೆ ಹಳೆಯ ಎಣ್ಣೆ, ರೇಡಿಯೇಟರಿನ ನೀರು ಇಳಿಸಿ, ಫ್ಯಾನು, ಬೆಲ್ಟು, ಅಡ್ಡ ಬರುವುದಾದರೆ ರೇಡಿಯೇಟರನ್ನೂ ತೆಗೆಯಿರಿ. ಒಂದೊಂದು ಭಾಗ ತೆಗೆಯುವ ಮುನ್ನ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಂಡರೆ ಮರಳಿ ಕೂಡಿಸುವಾಗ ಜಗಳವಿಲ್ಲ. ರೇಡಿಯೇಟರಿನ ಬಣ್ಣದ ನೀರು ಸಿಹಿಯಾಗಿದ್ದು ವಿಷಕಾರಿಯಾದುದು. ಬೋಗುಣಿಯಲ್ಲಿ ಬಿಟ್ಟು ಹೋದರೆ ನಾಯಿಯೋ ಕರುವೋ ಕುಡಿದೀತು.

ಈಗ ಮುಖ್ಯ ಕೆಲಸ. ಕ್ರಾಂಕ್ ಪುಲ್ಲಿಯ ನಡುವಿನ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ ಓಡುವ ದಿಕ್ಕಿನಲ್ಲಿಯೇ ಮೆಲ್ಲಗೆ ತಿರುವಿ, ಒಂದನೆಯ ಪಿಸ್ಟನ್ನನ್ನು ತುತ್ತತುದಿಗೆ ತರಬೇಕು. ಪುಲ್ಲಿಯ ಗೀರು ಮುಚ್ಚಳದ ಗುರುತಿಗೆ ಕೂಡುತ್ತದೆ. ಆದರೆ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಒಮ್ಮೆ ಹೊಗೆ ತಳ್ಳಲು, ಒಮ್ಮೆ ಗಾಳಿ ಒತ್ತಲು. ನಮಗೆ ಬೇಕಾದದ್ದು ಎರಡನೆಯದು. ಪೆಟ್ರೋಲ್ ಎಂಜಿನ್ನಾದರೆ ಪ್ಲಗ್ ತೆಗೆದ ತೂತಿನ ಮೇಲೆ ಹೆಬ್ಬೆರಳು ಇಟ್ಟರೆ ಗಾಳಿ ಬೆರಳನ್ನು ನೂಕುವುದು ತಿಳಿಯುತ್ತದೆ. ಇಲ್ಲವೇ ಮೇಲಿನ ಮುಚ್ಚಳ ತೆಗೆದು ನೋಡಿದರೆ ಒಂದನೆಯ ಸಿಲಿಂಡರಿನ ವಾಲ್ವುಗಳೆಲ್ಲ ಮುಚ್ಚಿಕೊಂಡಿರುತ್ತವೆ.

ಪುಲ್ಲಿಯ ಬೋಲ್ಟು ಭಾರಿ ಬಿಗಿಯಾಗಿರುತ್ತದೆ. ಅದನ್ನು ಬಿಚ್ಚುವಾಗ ಇನ್ನೊಬ್ಬರು ಎಂಜಿನ್ ತಿರುಗದಂತೆ ಹಿಡಿಯಬೇಕು. ಟಾಪ್ ಗೇರು ಹಾಕಿ ಬ್ರೇಕ್ ಒತ್ತಿ ಕೂರುವುದು ಒಂದು ಉಪಾಯ. ಬಿಚ್ಚಿದ ಮೇಲೆ ಗೇರು ತೆಗೆದು ಗುರುತು ಅಲುಗಿದೆಯೇ ಎಂದು ಮತ್ತೆ ನೋಡಿರಿ. ಪುಲ್ಲಿಯನ್ನು ಪುಲ್ಲರಿನಿಂದ ಜಗ್ಗಿ ತೆಗೆಯಬೇಕೇ ಹೊರತು ಸುತ್ತಿಗೆಯಿಂದ ಬಡಿಯಬಾರದು. ಮುಂದಿನ ಮುಚ್ಚಳದ ಬೋಲ್ಟುಗಳು ಒಂದೇ ಉದ್ದವಿರುವುದಿಲ್ಲ. ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ತೂತು ಕೊರೆದು, ಆಯಾ ಬೋಲ್ಟನ್ನು ಆಯಾ ತೂತಿನಲ್ಲಿ ಸಿಗಿಸಿಡಿರಿ. ಉದ್ದದ ಬೋಲ್ಟನ್ನು ಗಿಡ್ಡದರ ಜಾಗದಲ್ಲಿ ಬಿಗಿದು ಅಲ್ಯುಮಿನಿಯಮ್ ಒಡೆದ ಎಂಜಿನ್ನುಗಳಿಗೆ ಲೆಕ್ಕವಿಲ್ಲ.

ಗುರುತು, ಗುರುತು, ಗುರುತು

ಮುಚ್ಚಳ ತೆಗೆದೊಡನೆ ಚೈನಿಗೆ ಕೈ ಹಾಕಬೇಡಿರಿ. ಎರಡೂ ಹಲ್ಲುಗಾಲಿಗಳ ಮೇಲೆ ಕಾರಖಾನೆಯವರು ಹಾಕಿದ ಚುಕ್ಕೆ ಅಥವಾ ಗೀರು ಇರುತ್ತದೆ. ಅದನ್ನು ಹುಡುಕಿ ಒರೆಸಿ, ಮೇಲೆ ಉಗುರು ಬಣ್ಣ ಹಚ್ಚಿರಿ. ಎಂಜಿನ್ನಿನ ಮೈಮೇಲೂ ಅದಕ್ಕೆ ನೇರವಾಗಿ ಒಂದು ಗುರುತು ಮಾಡಿರಿ. ಡೀಸೆಲ್ ಎಂಜಿನ್ನಿನಲ್ಲಿ ಅದೇ ಚೈನು ಇಂಜೆಕ್ಷನ್ ಪಂಪನ್ನೂ ತಿರುಗಿಸುತ್ತಿದ್ದರೆ ಅಲ್ಲಿಗೆ ಮೂರನೆಯ ಗುರುತು ಬೇಕೇ ಬೇಕು.

ಚೈನಿನಲ್ಲಿ ಬೇರೆ ಬಣ್ಣದ ಕೊಂಡಿಗಳಿರುವುದುಂಟು. ಅವು ಜೋಡಿಸುವಾಗ ಹಲ್ಲುಗಾಲಿಯ ಚುಕ್ಕೆಗೆ ಕೂಡಿಸಲಿಕ್ಕೆ. ಎಂಜಿನ್ ಓಡಿದ ಮೇಲೆ ಆ ಕೊಂಡಿಗಳು ಬೇರೆಲ್ಲಿಗೋ ಸರಿದಿರುತ್ತವೆ, ಬಹಳ ಸುತ್ತು ತಿರುಗಿದ ಮೇಲಷ್ಟೇ ಮೊದಲಿನ ಜಾಗಕ್ಕೆ ಬರುತ್ತವೆ. ಹಳೆಯ ಚೈನಿನ ಬಣ್ಣದ ಕೊಂಡಿ ಚುಕ್ಕೆಗೆ ಕೂಡಿಲ್ಲವೆಂದು ಗಾಬರಿಯಾಗಿ ಶಾಫ್ಟು ತಿರುವಲು ಹೋಗಬೇಡಿರಿ. ನೋಡಬೇಕಾದದ್ದು ಹಲ್ಲುಗಾಲಿಯ ಗುರುತು.

ಟೆನ್ಶನರನ್ನು ಒತ್ತಿ, ಹಿಂದೆ ಸರಿಸಿ, ತಂತಿಯ ತುಂಡು ತೂರಿಸಿ ಕಟ್ಟಿಹಾಕಿದ ಮೇಲೆ ಚೈನು ಸಡಿಲಾಗಿ ಕಳಚುತ್ತದೆ. ಇಲ್ಲಿಂದ ಹೊಸ ಚೈನು ಕೂಡುವವರೆಗೆ ಕ್ರಾಂಕನ್ನಾಗಲಿ ಕ್ಯಾಮನ್ನಾಗಲಿ ಒಂದಿಷ್ಟೂ ತಿರುವಕೂಡದು. ಮಕ್ಕಳು ಕುತೂಹಲಕ್ಕೆ ಪಾನಾ ಹಾಕಿ ನೋಡದಂತೆ ಯಾರಾದರೂ ಕಾವಲಿರುವುದು ಒಳ್ಳೆಯದು.

ಹಳೆಯ ಚೈನನ್ನು ಹೊಸದರ ಪಕ್ಕದಲ್ಲಿ ನೆಲದ ಮೇಲೆ ಜಗ್ಗಿ ಇಟ್ಟು ನೋಡಿರಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಲ್ಲುಗಳು ಕುಡಗೋಲಿನಂತೆ ಒಂದು ಕಡೆಗೆ ಬಾಗಿದ್ದರೆ, ಗೈಡಿನಲ್ಲಿ ಗೀರು ಆಳವಾಗಿ ಬಿದ್ದಿದ್ದರೆ ರೋಗದ ಮೂಲ ಸಿಕ್ಕಂತಾಯಿತು. ಗೈಡು ಮುರಿದಿದ್ದರೆ ಅದರ ಚೂರುಗಳೆಲ್ಲ ಸಿಕ್ಕವೇ ಎಂದು ಜೋಡಿಸಿ ನೋಡಬೇಕು. ಒಂದು ಚೂರು ಕಡಿಮೆಯಾಗಿದ್ದರೂ ಅದು ಕೆಳಗಿನ ಸಂಪಿನಲ್ಲಿ, ಎಣ್ಣೆ ಹೀರುವ ಜಾಳಿಗೆಯ ಬಾಯಿಯಲ್ಲಿ ಕೂತಿರುತ್ತದೆ. ಆಗ ಸಂಪು ಇಳಿಸಿ ತೊಳೆಯುವುದನ್ನು ಬಿಟ್ಟು ದಾರಿಯಿಲ್ಲ. ಬೇಸರದ ಕೆಲಸ ನಿಜ, ಆದರೆ ಅದನ್ನು ಬಿಟ್ಟರೆ ಎಣ್ಣೆ ಮೇಲೇರದೆ ಬೇರಿಂಗುಗಳೇ ಸುಟ್ಟಾವು.

ಕೂಡಿಸಿ, ಕೈಯಿಂದ ಎರಡು ಸುತ್ತು

ಹೊಸ ಚೈನಿಗೆ ಎಂಜಿನ್ ಎಣ್ಣೆ ಸವರಿ, ಗುರುತಿಗೆ ಗುರುತು ಕೂಡಿಸಿ ಏರಿಸಬೇಕು. ಟೆನ್ಶನರ್ ಇಲ್ಲದ ಕಡೆಯ ಚೈನು ಬಿಗಿಯಾಗಿ ನೇರವಿರಬೇಕು, ಸಡಿಲವೆಲ್ಲ ಟೆನ್ಶನರ್ ಇರುವ ಕಡೆಗೆ ಬರಬೇಕು. ಗೈಡು, ಟೆನ್ಶನರ್ ಕೂಡಿಸಿ ತಂತಿ ಜಗ್ಗಿದೊಡನೆ ಅದು ಚಿಮ್ಮಿ ಚೈನನ್ನು ಒತ್ತಿ ಹಿಡಿಯುತ್ತದೆ.

ಇದಾದ ಮೇಲೆ ಚಾವಿ ತಿರುವುವ ಅವಸರ ಬೇಡ. ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ, ಓಡುವ ದಿಕ್ಕಿನಲ್ಲಿ, ಕೈಯಿಂದ ಪೂರ್ತಿ ಎರಡು ಸುತ್ತು ತಿರುವಿರಿ. ಕ್ರಾಂಕ್ ಎರಡು ಸುತ್ತು ಮುಗಿಸಿದಾಗ ಕ್ಯಾಮ್ ಒಂದು ಸುತ್ತು ಮುಗಿಸಿ ಎರಡರ ಗುರುತೂ ಮರಳಿ ಅಲ್ಲಿಗೇ ಬಂದು ನಿಲ್ಲಬೇಕು. ನಡುವೆ ಎಲ್ಲಾದರೂ ಕಟ್ಟೆಂದು ತಡೆದು ನಿಂತರೆ ಉದ್ದನ್ನ ಪೈಪು ಹಾಕಿ ಜೋರು ಮಾಡಬೇಡಿರಿ. ಅದು ವಾಲ್ವಿಗೆ ಪಿಸ್ಟನ್ ತಾಗಿದ ಸೂಚನೆ. ಚೈನು ಮತ್ತೆ ಬಿಚ್ಚಿ, ಗುರುತು ಹೊಂದಿಸಿ, ಮೊದಲಿನಿಂದ ಮಾಡಬೇಕು. ಕೈಯಿಂದ ತಾಗಿದರೆ ಏನೂ ಕೆಡುವುದಿಲ್ಲ. ಸ್ಟಾರ್ಟರ್ ಮೋಟಾರು ತಾಗಿಸಿದರೆ ವಾಲ್ವು ಬಾಗುತ್ತದೆ. ಈ ಐದು ನಿಮಿಷದ ಕೆಲಸವನ್ನು ಬಿಡುವವನು ಎಂಥ ಹಳೆಯ ಮಿಸ್ತ್ರಿಯಾದರೂ ಅವನ ಕೈಗೆ ಗಾಡಿ ಕೊಡಬೇಡಿರಿ.

ಮುಚ್ಚಳದ ಅಂಚನ್ನು ಕೆರೆದು ಒಣಗಿಸಿ, ಹೊಸ ಸೀಲು ಕೂಡಿಸಿ, ಪ್ಯಾಕಿಂಗು ಇಟ್ಟು ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪೇಸ್ಟು ಹಚ್ಚುವುದಾದರೆ ತೆಳ್ಳಗಿರಲಿ. ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ಹಚ್ಚಿದರೆ ಒಳಗೆ ಉಕ್ಕಿ ಬಂದ ತುಣುಕು ಎಣ್ಣೆಯ ದಾರಿ ಕಟ್ಟುತ್ತದೆ. ಕ್ರಾಂಕ್ ಬೋಲ್ಟನ್ನು ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ಮನೆಯಲ್ಲಿ ಇಲ್ಲದಿದ್ದರೆ ಗ್ಯಾರೇಜಿನಿಂದ ಒಂದು ತಾಸಿಗೆ ಕೇಳಿ ತಂದರಾಯಿತು. ಪೇಸ್ಟು ಒಣಗಲು ಅದರ ಡಬ್ಬಿಯ ಮೇಲೆ ಬರೆದಷ್ಟು ಸಮಯ ಬಿಟ್ಟು ಆಮೇಲೆ ಹೊಸ ಎಣ್ಣೆ, ಹೊಸ ಫಿಲ್ಟರು, ರೇಡಿಯೇಟರಿನ ನೀರು ತುಂಬಿರಿ.

ಮೊದಲ ಸಲ ಚಾಲೂ ಮಾಡುವಾಗ ಇಂಧನ ಬರದಂತೆ ಮಾಡಿ, ಎಣ್ಣೆಯ ಕೆಂಪು ದೀಪ ಆರುವವರೆಗೆ ಸ್ವಲ್ಪ ಸ್ವಲ್ಪವೇ ಬಿಟ್ಟು ಬಿಟ್ಟು ಸ್ಟಾರ್ಟರ್ ಹೊಡೆಯುವುದು ಒಳ್ಳೆಯದು. ನಂತರ ಎಂಜಿನ್ ಹತ್ತಿಸಿದಾಗ ಕೆಲವು ಸೆಕೆಂಡು ಗಲಗಲ ಬಂದರೆ ಅಂಜಬೇಕಾಗಿಲ್ಲ, ಟೆನ್ಶನರಿಗೆ ಎಣ್ಣೆ ತುಂಬುತ್ತಿದೆ. ಸಪ್ಪಳ ಹಾಗೇ ಮುಂದುವರಿದರೆ ಮಾತ್ರ ತಕ್ಷಣ ಆರಿಸಿ ನೋಡಬೇಕು.

ಚೈನನ್ನು ತಿನ್ನುವುದು ಕೆಟ್ಟ ಎಣ್ಣೆ

ಕಬ್ಬಿನ ಹಂಗಾಮಿನ ಧೂಳು, ತಾಸುಗಟ್ಟಲೆ ನಿಂತಲ್ಲೇ ಎಂಜಿನ್ ಓಡಿಸುವುದು, ಮಿತಿಮೀರಿದ ಹೇರು, ಮೈಲು ಎರಡು ಮೈಲಿನ ಸಣ್ಣ ಸಣ್ಣ ಓಡಾಟ ಇವೆಲ್ಲ ಎಣ್ಣೆಯನ್ನು ಬೇಗ ಕೆಡಿಸುತ್ತವೆ. ಡೀಸೆಲ್ ಎಂಜಿನ್ನಿನ ಎಣ್ಣೆಯಲ್ಲಿ ಸೇರುವ ಮಸಿಯಂತೂ ಸಾಣೆಯ ಪುಡಿಯಂತೆ ಚೈನಿನ ಪಿನ್ನುಗಳನ್ನು ತಿಕ್ಕುತ್ತದೆ. ಕೈಪಿಡಿಯಲ್ಲಿ ಎಣ್ಣೆ ಬದಲಿಸಲು ಎರಡು ಅವಧಿ ಕೊಟ್ಟಿದ್ದರೆ, ಧೂಳಿನ ಕಠಿಣ ಕೆಲಸಕ್ಕೆ ಹೇಳಿದ ಸಣ್ಣ ಅವಧಿಯೇ ನಮ್ಮ ಭಾಗಕ್ಕೆ ಅನ್ವಯಿಸುತ್ತದೆ. ವಾರಕ್ಕೊಮ್ಮೆ ಅಳತೆ ಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡಿರಿ. ಮಟ್ಟ ಇಳಿದರೆ ಟೆನ್ಶನರಿಗೆ ಒತ್ತಡ ಸಾಲದೆ ಹೊಸ ಚೈನೂ ಬಡಿದುಕೊಳ್ಳತೊಡಗುತ್ತದೆ.

ಚೈನು ಹಾಕಿದ ತಾರೀಖು ಮತ್ತು ಆಗಿನ ಕಿಲೋಮೀಟರನ್ನು ಬಾನೆಟ್ಟಿನ ಒಳಮೈಗೆ ಬಣ್ಣದಿಂದ ಬರೆದಿಡಿರಿ. ಮೊದಲ ವಾರ ಪ್ರತಿ ದಿನ ಮುಂಜಾನೆ ಮುಂದಿನ ಸೀಲಿನ ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿ ಎಣ್ಣೆಯ ಹನಿ ಬಿದ್ದಿದೆಯೇ ಎಂದು ನೋಡಬೇಕು.